ಮೇಸ್ತ್ರಿ ಊದಿದ ಪೀಪಿ

ಸತ್ತವರ ಬಗ್ಗೆ ಒಳ್ಳೆಯದನ್ನು ಮಾತ್ರ ಬರೆಯಬೇಕು ಎನ್ನುವ ಪಕ್ಷಕ್ಕೆ ನಾನು ಸೇರಿದವನಲ್ಲ. ಹಾಗೆ ಬರೆಯುತ್ತ ಹೋದರೆ ಸತ್ತವರೆಲ್ಲ ಒಂದೇ ಅಚ್ಚಿಗೆ ಹುಯ್ದ ಬೆಲ್ಲದ ಹಾಗಾಗುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಈ ಮಳೆಗಾಲದಲ್ಲಿ ಜ್ವರ ಬಂದು ಒಂಬತ್ತೇ ದಿನಕ್ಕೆ ತೀರಿಕೊಂಡ ನಮ್ಮ ಮಂಡ್ಯದ ಬಸ್ ಮೇಸ್ತ್ರಿ ಮುಂಗೋಪಿ. ಹಟಮಾರಿ. ಸುಣ್ಣದ ಡಬ್ಬಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು, ಕದ್ದವರಾರು ಎಂದು ಇಡೀ ಬಸ್ ಸ್ಟ್ಯಾಂಡನ್ನು ವಿಚಾರಣೆಗೆ ನಿಲ್ಲಿಸುತ್ತಿದ್ದ ಮನುಷ್ಯ. ಡಬ್ಬಿ ಸಿಕ್ಕಿದ ಮೇಲೆ ಕ್ಷಮೆ ಕೇಳುವ ಅಭ್ಯಾಸ ಇರಲಿಲ್ಲ.

ಹೆಸರು ಬರೆಯುವುದಿಲ್ಲ. ಅವರ ಮನೆಯವರು ಬೇಡವೆಂದರು. ಈ ವರ್ಷ ಪೇಪರು ತೆರೆದರೆ ಉತ್ತರದ ಊರುಗಳೆಲ್ಲ ಹಿಂದೂ ಮುಸಲ್ಮಾನ ಗಲಭೆಯ ಬೆಂಕಿಯ ಜೊತೆಗೇ ಬರುತ್ತಿವೆ. ಇಂಥ ಕಾಲದಲ್ಲಿ ಹೆಸರು ಅಚ್ಚಾಗುವುದು ಯಾರಿಗೂ ಬೇಡ, ಅವರ ಕೇರಿಯಲ್ಲಂತೂ ಬೇಡವೇ ಬೇಡ. ಊರಿಗೆಲ್ಲ ಅವರು ಮೇಸ್ತ್ರಿ. ಅಷ್ಟು ಸಾಕು.

ಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿಗೆ ಇಳಿದವಲ್ಲ, ಆಗ ಮೇಸ್ತ್ರಿಗೆ ಒಂದು ಬಗೆಯ ರಾಜಯೋಗ ಬಂತು. ಬಸ್ಸಿನ ಹಿಂಭಾಗಕ್ಕೆ ಕಟ್ಟಿದ ಒಲೆಗೆ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಗಾಳಿಯ ಚಕ್ರದ ಹಿಡಿ ಹಿಡಿದು ಒಬ್ಬರು ಅರ್ಧ ಗಂಟೆ ತಿರುಗಿಸಬೇಕು. ಗ್ಯಾಸು ಹದಕ್ಕೆ ಬಂತೋ ಇಲ್ಲವೋ ಎಂದು ಡ್ರೈವರು ಮೂರು ಸಲ ಪರೀಕ್ಷೆ ಮಾಡಿ ಮೂರು ಸಲ ಸೋಲುತ್ತಿದ್ದ. ಮೇಸ್ತ್ರಿ ಒಲೆಯ ತಗಡಿನ ಹತ್ತಿರ ಕಿವಿ ಒಡ್ಡಿ, ಕಣ್ಣು ಮುಚ್ಚಿ ನಿಂತು, "ಈಗ ಒಡಿ," ಎಂದರೆ ಎಂಜಿನು ಹತ್ತಿಕೊಳ್ಳುತ್ತಿತ್ತು. "ಎಂಜಿನ್ ಸುಳ್ಳು ಏಳಾಕಿಲ್ಲ. ಡ್ರೈವರ್ ಏಳ್ತಾನೆ," ಎನ್ನುವುದು ಅವರ ಮಾತು. ಡ್ರೈವರ್ ಎದುರಿಗೇ ಹೇಳುತ್ತಿದ್ದರು.

ಫುಟ್‌ಬಾಲಿನ ಚೆಂಡೂ ಅವರ ಕೈಗೇ ಬರುತ್ತಿತ್ತು. ಒಳಗಿನ ರಬ್ಬರು ಚೀಲ ಎಲ್ಲಿ ಸೋರುತ್ತಿದೆ ಎಂದು ನೋಡಲು ಬೇರೆಯವರು ನೀರಿನ ಬಕೆಟ್ಟಿನಲ್ಲಿ ಅದ್ದುತ್ತಾರೆ. ಇವರು ಅದನ್ನು ಕೆನ್ನೆಗೆ ಒತ್ತಿ, ನಿಧಾನವಾಗಿ ತಿರುಗಿಸುತ್ತ, ಥಟ್ಟನೆ ಬೆರಳಿಟ್ಟು, "ಇಲ್ಲಿ," ಎನ್ನುತ್ತಿದ್ದರು. ಹುಡುಗನಾಗಿದ್ದಾಗ ಬೆಂಗಳೂರು ದಂಡಿನ ಯಾವುದೋ ಶೆಡ್ಡಿನಲ್ಲಿ ಕೆಲಸ ಕಲಿತರಂತೆ. ಆಟ ಕಲಿತದ್ದೂ ಅಲ್ಲೇ, ಬರಿಗಾಲಲ್ಲಿ, ಬೂಟಿನ ಸೋಲ್ಜರುಗಳ ಜೊತೆ. ಅದಕ್ಕೆ ಸಾಕ್ಷಿಯಾಗಿ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಯ ಯಾವ ಪಂದ್ಯಕ್ಕೂ ರೆಫರಿ ಅವರೇ. ಪಂದ್ಯದ ದಿನ ಬೆಳಗಿನಿಂದ ಯಾರು ಕೊಟ್ಟ ಎಲೆ ಅಡಿಕೆಯನ್ನೂ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ವೀಳ್ಯ ಬೇಡವೆನ್ನುವುದು ಜಗಳಕ್ಕೆ ಕರೆದ ಹಾಗೆ. ಮದ್ದೂರಿನಲ್ಲಿ ಒಬ್ಬ ಯಜಮಾನರು ಚಾಚಿದ ತಟ್ಟೆಯನ್ನು ಹಿಂದೆ ತಳ್ಳಿ, "ನಾಳೆ ಬತ್ತೀನಿ ಗೌಡ್ರೆ, ಎರಡು ದಿನದ್ದು ಸೇರಿಸಿ ಮಡಗಿರಿ," ಎಂದವರು, ಮಾರನೆಯ ದಿನ ನಿಜವಾಗಿಯೂ ಹೋಗಿ ಹಾಕಿಕೊಂಡು ಬಂದರು.

ನನ್ನ ಅವರ ಸ್ನೇಹ ಶುರುವಾದದ್ದೇ ವಾದದಿಂದ. ನಮ್ಮ ಕೇರಿಯ ಕೆಲವು ಹುಡುಗರಿಗೆ ಚೆಂಡು ತಲೆಗೆ ತಗುಲಿದರೆ ಮನೆಯಲ್ಲಿ ಸ್ನಾನ ಮಾಡದೆ ಒಳಗೆ ಬಿಡುತ್ತಿರಲಿಲ್ಲ, ತೊಗಲಲ್ಲವೇ. ಅದಕ್ಕೆ ಅವರು ತಲೆಯ ಹತ್ತಿರ ಚೆಂಡು ಬಂದರೆ ಬಗ್ಗುತ್ತಿದ್ದರು. ನಾನು ಶಾಸ್ತ್ರ, ತರ್ಕ, ಆರೋಗ್ಯ ಎಂದು ಅವರ ಪರವಾಗಿಯೋ ವಿರೋಧವಾಗಿಯೋ ಏನೋ ಹೇಳುತ್ತಿದ್ದೆ. ಮೇಸ್ತ್ರಿ ಕೇಳಿಸಿಕೊಂಡು ಹುಡುಗರ ಕಡೆ ತಿರುಗಿ, "ತಲೆಗೆ ತಗುಲಿದ್ರೆ ಒಂದ್ ಸಲ ನೀರುಯ್ಕೊಳ್ರಲಾ. ತಗುಲದೆ ಗೋಲ್ ತಪ್ಪೋದ್ರೆ ಎರಡ್ ಸಲ ಉಯ್ಕೊಳ್ಳಿ," ಎಂದರು. ಅಂದಿನಿಂದ ನಾನು ಅವರಿಗೆ ಲಾಯರಪ್ಪ.

ಮೈಸೂರಿನ ಕಾಲೇಜಿನಲ್ಲಿ ಆ ವರ್ಷ ಚರ್ಚಾಸ್ಪರ್ಧೆಗೆ ಕೊಟ್ಟಿದ್ದ ವಿಷಯ, ಆಟಗಳು ರಾಷ್ಟ್ರಗಳನ್ನು ಒಂದುಗೂಡಿಸುತ್ತವೆ ಎಂಬುದು. ನಾನು ವಿರೋಧವಾಗಿ ಮಾತಾಡಿ ಗೆದ್ದು ಬಂದಿದ್ದೆ. ರಜದಲ್ಲಿ ಊರಿಗೆ ಬಂದವನು ಮೇಸ್ತ್ರಿಯ ಶೆಡ್ಡಿನಲ್ಲಿ ಟೈರಿನ ಮೇಲೆ ಕೂತು ಅದೇ ಭಾಷಣವನ್ನು ಮತ್ತೆ ಒಪ್ಪಿಸಿದೆ. ಅವರು ಒಂದು ನಟ್ಟನ್ನು ಬಿಗಿ ಮಾಡುತ್ತಲೇ ಇದ್ದರು.

"ಒಂದಾಗ್ತಾರೋ ಬುಡ್ತಾರೋ ನಂಗೊತ್ತಿಲ್ಲ ಲಾಯರಪ್ಪ. ಪೀಪಿ ಊದಿದ್ರೆ ನಿಂತ್ಕತಾರಾ? ನಂಗೆ ಅಷ್ಟು ಸಾಕು."

"ನಿಲ್ಲದೆ ಇದ್ರೆ ಮೇಸ್ತ್ರಿ?"

"ಪೀಪಿ ಒಂದೇ ಸಲ ಊದೋದು. ಎರಡ್ನೆ ಸಲ ಊದ್ದೋನು ರೆಫರಿ ಅಲ್ಲ, ಸಂಕ ಊದೋ ದಾಸಯ್ಯ."

ಹೋದ ವರ್ಷ ಶಿವರಾತ್ರಿಯ ಸುಮಾರಿಗೆ ಪಂದ್ಯಾವಳಿಯ ಸುದ್ದಿ ಬಂತು. ಯುದ್ಧ ಮುಗಿದಿತ್ತು, ಆದರೆ ಊರಿಗೆ ಹೋಗಲು ಹಡಗು ಸಿಗದೆ ಸಾವಿರಾರು ಸೋಲ್ಜರುಗಳು ಬೆಂಗಳೂರಿನಲ್ಲಿ ಸುಮ್ಮನೆ ಕೂತಿದ್ದರು. ಸುಮ್ಮನೆ ಕೂತವರು ಜಗಳ ತೆಗೆಯುತ್ತಾರೆಂದು ದಂಡಿನ ಅಧಿಕಾರಿಗಳು ಆಟಕ್ಕೆ ಹಚ್ಚಿದರು. ಇಂಗ್ಲಿಷರ ತಂಡ ಒಂದು, ಸ್ಕಾಟರದು ಒಂದು, ಸೆರೆಯಲ್ಲಿದ್ದ ಇಟಲಿಯವರದು ಒಂದು. ನಾಲ್ಕನೆಯದು ಬೇಕಿತ್ತು, ನಮ್ಮದಾಯಿತು; ಆಟವೂ ನಮ್ಮೂರ ಮೈದಾನದಲ್ಲೇ, ರೆಫರಿ ಮೇಸ್ತ್ರಿಯೇ. ಊರ ತುಂಬ ಅಂಟಿಸಿದ ಕಾಗದದಲ್ಲಿ "ನಾಲ್ಕು ದೇಶಗಳ ಪಂದ್ಯ" ಎಂದು ಅಚ್ಚಾಗಿತ್ತು: ಇಂಗ್ಲೆಂಡ್, ಸ್ಕಾಟ್ಲೆಂಡ್, ಇಟಲಿ, ಮಂಡ್ಯ. ಸ್ಕಾಟ್ಲೆಂಡ್ ಬೇರೆ ದೇಶ ಹೇಗಾಗುತ್ತದೆ, ಮಂಡ್ಯ ದೇಶ ಯಾವತ್ತಾಯಿತು ಎಂದು ನಾನು ಎತ್ತಿದ ಆಕ್ಷೇಪಣೆಗಳಿಗೆ ಕಾಫಿ ಕ್ಲಬ್ಬಿನಲ್ಲಿ ಯಾರೂ ಸೊಪ್ಪು ಹಾಕಲಿಲ್ಲ. ಎಲ್ಲರೂ ದೇಶವಾಗಿಬಿಟ್ಟಿದ್ದರು.

ಮೊದಲ ದಿನ ಇಟಲಿಗೂ ಸ್ಕಾಟರಿಗೂ ಪಂದ್ಯ. ಬೆನ್ನಿಗೆ ಕೈದಿಗಳ ಗುರುತಿನ ತೇಪೆ ಹಾಕಿದ ಅಂಗಿಗಳಲ್ಲಿ, ಕಾವಲಿನ ಲಾರಿಯಲ್ಲಿ, ಇಟಲಿಯವರು ಹಾಡಿಕೊಂಡು ಬಂದರು. ಹಗ್ಗದಾಚೆ ಕಿಕ್ಕಿರಿದ ಜನ ಅರ್ಧ ಗಂಟೆಯೊಳಗೆ ಅವರನ್ನು ದತ್ತು ತೆಗೆದುಕೊಂಡರು. ಕಬ್ಬಿನ ಜಲ್ಲೆಗಳನ್ನು ಸಿಗಿದು ಎಸೆದರು. ನನ್ನ ಪಕ್ಕದಲ್ಲಿದ್ದ ಬೆಳಕವಾಡಿಯ ರೈತರೊಬ್ಬರಿಗೆ ನಾನು ತಡೆಯಲಾರದೆ ಹೇಳಿದೆ: "ಯಜಮಾನರೇ, ಇವರ ಮೇಲೇ ನಮ್ಮ ಹುಡುಗರು ಆಫ್ರಿಕಾದಲ್ಲಿ ಯುದ್ಧ ಮಾಡಿದ್ದು. ನಿಮ್ಮ ಪಕ್ಕದ ಊರಿನೋನೇ ಒಬ್ಬ ವಾಪಸು ಬರಲಿಲ್ಲ."

"ಇರಬೋದು ಕಣಪ್ಪ," ಎಂದರು ಅವರು. "ಇವ್ರನ್ನೂ ಇಂಗ್ಲಿಷ್ನೋರೇ ಅಲ್ವಾ ಕೂಡಾಕಿರೋದು? ಅಂಗಾದ್ರೆ ನಮ್ಮೋರೇಯ."

ಇಟಲಿ ಗೆದ್ದಿತು. ಜನ ಹಗ್ಗ ಕಿತ್ತುಕೊಂಡು ನುಗ್ಗಿ ಗೋಲು ಕಾಯುತ್ತಿದ್ದ ಅವರ ಗೋಲಿಯನ್ನು ಹೆಗಲ ಮೇಲೆ ಹೊತ್ತರು. ಕಾವಲಿನವರು ಬಂದೂಕು ಎತ್ತಿ ಹಿಡಿದದ್ದನ್ನು ನೋಡಿದವರು ಬಹಳ ಜನ ಇರಲಿಲ್ಲ. ನಾನು ನೋಡಿದೆ. ಬೊಂಬಾಯಿಯಲ್ಲಿ, ಕಲ್ಕತ್ತೆಯಲ್ಲಿ ಗುಂಪಿನ ಮೇಲೆ ಗುಂಡು ಹಾರಿದ ಸುದ್ದಿ ಆ ವಾರವಷ್ಟೇ ಓದಿದ್ದೆ.

ಬಲೆಯ ವಿಷಯ ಇಲ್ಲೇ ಹೇಳಬೇಕು. ನಮ್ಮ ಕಡೆ ಗೋಲಿನ ಕಂಬಗಳಿಗೆ ಬಲೆ ಕಟ್ಟುವ ಪದ್ಧತಿಯೇ ಇರಲಿಲ್ಲ. ಕಂಬದ ಪಕ್ಕ ಒಬ್ಬನನ್ನು ಕೂರಿಸುತ್ತಿದ್ದೆವು; ಚೆಂಡು ಒಳಗೋ ಆಚೆಗೋ ಎಂದು ಅವನು ಹೇಳಬೇಕು. ಬಲೆ ಇರಲೇಬೇಕು ಎಂದರು ದಂಡಿನವರು. ಕಳಿಸುತ್ತೇವೆಂದ ಬಲೆ ಬರಲಿಲ್ಲ. ಕೊನೆಗೆ ಬೆಳಕವಾಡಿಯಿಂದ ಮೀನಿನ ಬಲೆ ತರಿಸಿ ಕಟ್ಟಿದ್ದಾಯಿತು. ಬಲೆ ಬಂದರೂ ಪಕ್ಕದಲ್ಲಿ ಕೂರುವವನು ಹೋಗಲಿಲ್ಲ, ಅಭ್ಯಾಸ. ಮಂಡ್ಯದ ಪಂದ್ಯದ ದಿನ ಆ ಕೆಲಸಕ್ಕೆ ಮೇಸ್ತ್ರಿ ನನ್ನನ್ನು ಹಾಕಿದ್ದರು. "ಊರ್ನಲ್ಲಿ ಯಾರ ಮಾತ್ನೂ ಒಪ್ದೋನು ನೀನೊಬ್ನೆ. ನೀನೇ ಕುಂತ್ಕೊ," ಎಂದಿದ್ದರು. ನನಗೆ ಹೆಮ್ಮೆಯಾಗಿತ್ತು.

ಇಟಲಿಯವನೊಬ್ಬ ಹೊಡೆದ ಹೊಡೆತಕ್ಕೆ ಎಡಗಂಬದ ಪಕ್ಕದ ಬಲೆ ಹರಿದು, ತಲೆ ತೂರುವಷ್ಟು ತೂತಾಗಿತ್ತು. "ನಾಳೆ ಆಟಕ್ ಮುಂಚೆ ಉರಿ ಆಕಿ ಬಿಗೀಬೇಕು ಕಣ್ಲಾ," ಎಂದಿದ್ದರು ಮೇಸ್ತ್ರಿ. ಹುರಿ ತರಬೇಕಾದರೆ ಪೇಟೆಗೆ ಹೋಗಬೇಕು. ಮೈದಾನದ ಪಕ್ಕದಲ್ಲೇ ಕಬ್ಬಿನ ಗದ್ದೆ. ನಮ್ಮ ಜನ ಕಬ್ಬಿನ ಹೊರೆ ಕಟ್ಟುವುದು ಯಾತರಲ್ಲಿ? ಹಸಿ ಸೋಗೆಯಲ್ಲಿ, ಕಬ್ಬಿನದೇ ಎಲೆಯಲ್ಲಿ. ಗಾಡಿಗಟ್ಟಲೆ ಕಬ್ಬನ್ನು ಕಾರ್ಖಾನೆಯವರೆಗೆ ಬಿಗಿ ಹಿಡಿಯುವ ಸೋಗೆ ಒಂದು ಚೆಂಡನ್ನು ತಡೆಯುವುದಿಲ್ಲವೇ? ವಾದ ಚೆನ್ನಾಗಿತ್ತು. ಬೆಳಿಗ್ಗೆಯೇ ಹೋಗಿ ಹಸಿ ಸೋಗೆ ಹೊಸೆದು ತೂತನ್ನು ಹೆಣೆದುಬಿಟ್ಟೆ. ಹೊರೆಯೊಳಗೆ ಒತ್ತಿಕೊಂಡ ಸೋಗೆ ಬೇರೆ, ಮಾಘದ ಬಿಸಿಲಿಗೆ ಗಾಳಿಯಲ್ಲಿ ನೇತಾಡುವ ಸೋಗೆ ಬೇರೆ ಎಂದು ಯಾವ ರೈತನ ಮಗುವಾದರೂ ಹೇಳುತ್ತಿತ್ತು. ನಾನು ಯಾರನ್ನೂ ಕೇಳಲಿಲ್ಲ.

"ಕಟ್ದೇನ್ಲಾ?" ಎಂದರು ಮೇಸ್ತ್ರಿ ಆಟಕ್ಕೆ ಇಳಿಯುವ ಮುಂಚೆ.

"ಕಟ್ಟಿದೀನಿ ಮೇಸ್ತ್ರಿ."

ಎರಡನೆಯ ದಿನ ಇಂಗ್ಲೆಂಡಿಗೂ ಮಂಡ್ಯಕ್ಕೂ. ಮಳವಳ್ಳಿ, ಮದ್ದೂರು, ಕೆ.ಎಂ.ದೊಡ್ಡಿ ಕಡೆಯಿಂದ ಬಸ್ಸು, ಗಾಡಿ, ಸೈಕಲ್ಲು, ನಡಿಗೆ. ಅಷ್ಟು ಜನರನ್ನು ನಾನು ಒಂದು ಕಡೆ ನೋಡಿರಲಿಲ್ಲ. ಒಂದು ಬದಿಯಲ್ಲಿ ದಂಡಿನ ಲಾರಿಗಳು, ಅವುಗಳ ಮೇಲೆ ಬಂದೂಕು ಮಂಡಿಯ ಮೇಲಿಟ್ಟುಕೊಂಡ ಸೋಲ್ಜರುಗಳು. ಪೊಲೀಸರು ಲಾಠಿ ಹಿಡಿದು ಹಗ್ಗದ ಉದ್ದಕ್ಕೂ. ಕಂಬದ ಬುಡದಲ್ಲಿ ನಾನು. ನನ್ನ ಬೆನ್ನಿಗೆ ಹತ್ತು ಅಡಿ ದೂರದಲ್ಲಿ ಜನ. ಅವರ ಉಸಿರು ನನ್ನ ಕತ್ತಿಗೆ ತಗುಲುತ್ತಿತ್ತು ಎಂದರೆ ಅತಿಶಯವಾದೀತು, ಆದರೆ ನನಗೆ ಹಾಗೆ ಅನ್ನಿಸುತ್ತಿತ್ತು.

ಮೊದಲರ್ಧದಲ್ಲಿ ಇಂಗ್ಲಿಷರು ಒಂದು ಗೋಲು ಹಾಕಿದರು. ಆಮೇಲೆ ನಮ್ಮವರು ಹಾಕಲು ಒದ್ದಾಡಿದರು. ಮಳವಳ್ಳಿ ಕಡೆಯ ಮರೀಗೌಡ ಎಂಬ ರೈತರ ಹುಡುಗ ನಮ್ಮ ಮುಂಚೂಣಿಯ ಆಟಗಾರ. ಬೂಟು ಕೊಟ್ಟರೂ ಹಾಕಿಕೊಳ್ಳದೆ ಬರಿಗಾಲಲ್ಲೇ ಆಡುತ್ತಿದ್ದ. ಮುಗಿಯಲು ಐದು ನಿಮಿಷವಿದ್ದಾಗ ಅವನು ಇಬ್ಬರನ್ನು ತಪ್ಪಿಸಿ ಎಡಗಡೆಯಿಂದ ನುಗ್ಗಿ ಬಂದು ಹೊಡೆದ.

ಚೆಂಡು ಕಂಬದ ಆಚೆ, ನನ್ನ ಮಂಡಿಯ ಪಕ್ಕದಲ್ಲೇ ಹಾದುಹೋಯಿತು. ಅದರ ಗಾಳಿ ನನಗೆ ತಗುಲಿತು. ಒಣಗಿದ ಸೋಗೆ ಹಪ್ಪಳದ ಹಾಗೆ ಪಟಪಟನೆ ಮುರಿಯಿತು. ಆಚೆಯಿಂದ ಹೋದ ಚೆಂಡು ತೂತಿನಲ್ಲಿ ನುಗ್ಗಿ ಬಲೆಯ ಒಳಗೆ ಬಿದ್ದು ಕುಣಿಯಿತು.

ನಾನು ಸ್ಪರ್ಧೆಯಲ್ಲಿ ಗೆದ್ದ ವಾದ ಆ ಕ್ಷಣದಲ್ಲಿ ಸೋತಿತು, ಒಪ್ಪಿಕೊಳ್ಳುತ್ತೇನೆ. ಮಡಿಪಂಚೆಯ ಶಾನುಭೋಗರು ಇದ್ದಿಲು ಹೊರುವವನ ಕತ್ತು ತಬ್ಬಿಕೊಂಡಿದ್ದರು. ಕಾರ್ಖಾನೆಯ ಸಾಹೇಬರೊಬ್ಬರು ಗಾಡಿ ಹೊಡೆಯುವವನ ಜೊತೆ ಕೈ ಹಿಡಿದು ಕುಣಿಯುತ್ತಿದ್ದರು. ಮೇಸ್ತ್ರಿಯ ಕೇರಿಯ ನಾಲ್ಕೈದು ಹುಡುಗರು ಒಕ್ಕಲಿಗರ ಹುಡುಗರ ಹೆಗಲೇರಿ ಟೋಪಿ ಬೀಸುತ್ತಿದ್ದರು. ಜಾತಿ, ಊರು, ಕೇರಿ ಏನೂ ಉಳಿದಿರಲಿಲ್ಲ. ಒಂದೇ ಬಾಯಿ ಇತ್ತು. ಆ ಬಾಯಿ "ಗೋಲು" ಎನ್ನುತ್ತಿತ್ತು. ಅದು ತಪ್ಪೆಂದು ಗೊತ್ತಿದ್ದವನು ಆ ಬಾಯಿಯ ಮುಂದೆ ಹತ್ತು ಅಡಿ ದೂರದಲ್ಲಿ ಕೂತಿದ್ದೆ.

ಪೀಪಿ ಒಂದು ಸಲ ಕೂಗಿತು.

ಮೇಸ್ತ್ರಿ ಓಡಿ ಬಂದರು. ತೂತನ್ನು ನೋಡಿದರು. ನೇತಾಡುತ್ತಿದ್ದ ಸೋಗೆಯ ಚೂರುಗಳನ್ನು ನೋಡಿದರು. ಆಮೇಲೆ ನನ್ನನ್ನು.

"ಒಳಗೋ ಆಚೆಗೋ ಲಾಯರಪ್ಪ?"

"ಕಾಣಲಿಲ್ಲ ಮೇಸ್ತ್ರಿ," ಎಂದೆ. "ಧೂಳು."

ಧೂಳಿರಲಿಲ್ಲ. ಮೈದಾನಕ್ಕೆ ಬೆಳಿಗ್ಗೆ ನೀರು ಹಾಕಿದ್ದರು. ಅವರು ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನನ್ನನ್ನೇ ನೋಡಿ, ಜನರ ಕಡೆ ತಿರುಗಿ, ಕೈಯಿಂದ ಆಚೆಗೆ ಎಂದು ತೋರಿಸಿದರು. "ಚೆಂಡು ಕಂಬದ ಆಚೆಯಿಂದ ಬಂದದೆ. ಬಲೇಲಿ ತೂತದೆ, ನೋಡಿ. ಗೋಲಲ್ಲ."

ಆಮೇಲೆ ಯಾರೋ ಕೂಗಿದರು: "ಆ ತೂತ ಕಟ್ಟಿದ್ ಬೋಳಿಮಗ ಯಾರ್ಲಾ?"

ನನ್ನ ಕೈ ಬೆರಳುಗಳಲ್ಲಿ ಸೋಗೆಯ ಅಂಚು ಕೊಯ್ದ ಗೀರುಗಳು ಇನ್ನೂ ಇದ್ದವು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

"ನಾನು," ಎಂದರು ಮೇಸ್ತ್ರಿ. "ನಾನೇ ಕಟ್ಟಿದ್ದು."

ಅದರಿಂದ ಅವರ ತೀರ್ಪಿಗೆ ಇದ್ದ ಒಂದೇ ಸಾಕ್ಷಿ ಅವರ ವಿರುದ್ಧವೇ ತಿರುಗಿತು. "ಬೇಕು ಅಂತ್ಲೇ ತೂತು ಬುಟ್ಟವ್ನೆ!" "ಬಿಳೀರ್ತಾವ ಏನ್ ತಿಂದ್ಯೋ ಮೇಸ್ತ್ರಿ?" "ದಂಡ್ನಲ್ಲಿ ಬೆಳ್ದೋನಲ್ವೇನ್ಲಾ, ಅವ್ರ ಎಂಜ್ಲು!" ಆಮೇಲೆ ಹಿಂದಿನಿಂದ ಒಂದು ದನಿ, ಜೋರಾಗಿಯೂ ಅಲ್ಲ: "ಸಾಬಿ ಬುದ್ಧಿ ತೋರ್ಸ್ದ ನೋಡು."

ಆ ಒಂದು ಮಾತಿಗೆ ಏನಾಯಿತು ಎಂಬುದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಹೆಗಲೇರಿದ್ದ ಟೋಪಿಯ ಹುಡುಗರು ಕೆಳಗಿಳಿದರು. ಯಾರೂ ಇಳಿಸಲಿಲ್ಲ, ತಾವೇ ಇಳಿದರು. ಟೋಪಿ ಮಡಿಸಿ ಜೇಬಿಗಿಟ್ಟುಕೊಂಡು, ಒಬ್ಬೊಬ್ಬರೇ, ಓಡದೆ, ಗುಂಪಿನ ಅಂಚಿನಿಂದ ಜಾರಿಹೋದರು. ಅವರಿದ್ದ ಜಾಗ ಕೂಡಲೇ ಮುಚ್ಚಿಕೊಂಡಿತು.

ಮೊದಲ ಕಲ್ಲು ಇಂಗ್ಲಿಷ್ ಗೋಲಿಯ ಕಾಲ ಬಳಿ ಬಿತ್ತು. ಲಾರಿಯ ಮೇಲಿನವರು ಎದ್ದು ನಿಂತರು. ಬಂದೂಕಿನ ಬೋಲ್ಟು ಎಳೆಯುವ ಸದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಕೇಳಿದ ಕೂಡಲೇ ಅದೇನೆಂದು ಗೊತ್ತಾಯಿತು. ಇಂಗ್ಲಿಷರ ಕ್ಯಾಪ್ಟನ್ನು ಬೆವರು ಒರೆಸಿಕೊಳ್ಳುತ್ತ ಬಂದು ಮೇಸ್ತ್ರಿಗೆ ಏನೋ ಹೇಳಿದ. ಅವರು ನನ್ನ ಕಡೆ ನೋಡಿದರು.

"ಆಟ ನಿಲ್ಲಿಸಿ ಲಾರಿ ಹತ್ತಿ ಅಂತಿದಾನೆ ಮೇಸ್ತ್ರಿ. ಬೆಂಗಳೂರಿಗೆ ಕರ್ಕೊಂಡು ಹೋಗ್ತಾನಂತೆ, ಇವತ್ತೇ." ನಾನೂ ಸೇರಿಸಿದೆ: "ಹತ್ತಿಬಿಡಿ."

ಅವರು ಗಡಿಯಾರ ನೋಡಿಕೊಂಡರು. "ಇನ್ನೂ ನಾಲ್ಕು ನಿಮಿಸ ಐತೆ ಅಂತ ಏಳು ಅವನ್ಗೆ."

"ಮೇಸ್ತ್ರಿ, ಸಾಯ್ತೀರಿ."

"ಲಾರಿ ಹತ್ತಿದ್ರೆ ನಾನು ಕೊಟ್ಟಿದ್ದು ಸುಳ್ಳಾಗೋಯ್ತದೆ ಕಣ್ಲಾ. ನಾಳಿಕ್ಕೆ ಬಸ್ ಸ್ಟ್ಯಾಂಡಿಗೆ ಯಾವ್ ಮುಖ ಇಟ್ಕೊಂಡ್ ಬರ್ಲಿ?"

ನಾಲ್ಕು ನಿಮಿಷ ಆಡಿಸಿದರು. ಯಾರೂ ಚೆಂಡನ್ನು ನೋಡಲಿಲ್ಲ. ಜನ ಹಗ್ಗದ ಒಳಗೆ ಬಂದು ಗೆರೆಯ ಮೇಲೇ ನಿಂತಿದ್ದರು. ಆಟಗಾರರು ಮೈದಾನದ ನಡುವೆ ಒತ್ತಿಕೊಂಡು, ಆ ಕಡೆ ಈ ಕಡೆ ಚೆಂಡು ತಳ್ಳುತ್ತಿದ್ದರು, ಇಂಗ್ಲಿಷರೂ ನಮ್ಮವರೂ ಒಂದೇ ಥರ ಹೆದರಿ. ಮರೀಗೌಡ ಸೊಂಟಕ್ಕೆ ಕೈಯಿಟ್ಟು ನೆಲ ನೋಡುತ್ತ ನಿಂತಿದ್ದ. ಕೊನೆಯ ಪೀಪಿಯೂ ಒಂದೇ ಸಲ. ಮೇಸ್ತ್ರಿ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ಲಾರಿಗಳು ಇರದ ಕಡೆಗೆ, ಅಂದರೆ ಜನರ ಕಡೆಗೆ, ನಡೆದರು.

ನಾನು ಹಿಂದೆ ಹೋದೆ. ಧೈರ್ಯದಿಂದಲ್ಲ. ಅಲ್ಲಿ ಒಬ್ಬನೇ ಉಳಿದರೆ ಯಾರಾದರೂ ನನ್ನ ಬೆರಳು ನೋಡಿಯಾರು ಎಂದು.

ಜನ ಬೇಕೆಂದು ದಾರಿ ಬಿಡಲಿಲ್ಲ, ಅಡ್ಡವೂ ನಿಲ್ಲಲಿಲ್ಲ. ಅವರು ಒಂದು ಹೆಜ್ಜೆ ಇಟ್ಟಂತೆ ಒಂದು ಹೆಜ್ಜೆಯಷ್ಟು ಜಾಗವಾಗುತ್ತಿತ್ತು. ಮುಖಗಳೆಲ್ಲ ಪರಿಚಯದವು; ಅದೇ ಹೆಚ್ಚು ಭಯ. ಗುರುತಿಲ್ಲದವರಾಗಿದ್ದರೆ ಏನು ಮಾಡಿಯಾರೆಂದು ಊಹಿಸಿಕೊಳ್ಳಬಹುದಿತ್ತು. ಮೇಸ್ತ್ರಿಯ ಬಿಳಿ ಅಂಗಿಯ ಮೇಲೆ ಯಾರೋ ಎಲೆ ಅಡಿಕೆ ಉಗುಳಿದರು. ಮೈದಾನ ದಾಟಿ ರಸ್ತೆಗೆ ಬರುವಾಗ ಒಂದು ಕಲ್ಲು ಬಂದು ಅವರ ಕಿವಿಯ ಹಿಂದೆ ಬಡಿಯಿತು. ನಾನು ತಿರುಗಿದೆ.

"ತಿರುಗ್ಬೇಡ," ಎಂದರು, ನಡೆಯುತ್ತಲೇ. "ತಿರುಗಿದ್ರೆ ಒಡೆದೋನ ಮಕ ಕಾಣ್ತದೆ. ನಾಳೆ ಅವನೇ ಬಸ್ಸಿಗೆ ಬತ್ತಾನೆ."

ಬಸ್ ಸ್ಟ್ಯಾಂಡಿನಲ್ಲಿ ಮಳವಳ್ಳಿಯ ಸಂಜೆಯ ಬಸ್ಸು ತಣ್ಣಗೆ ನಿಂತಿತ್ತು. ಅದರ ಒಲೆ ಹೊತ್ತಿಸಲು ಗೊತ್ತಿದ್ದವರು ಮೇಸ್ತ್ರಿ ಒಬ್ಬರೇ. ಬಸ್ಸಿನ ಸುತ್ತ ಆ ಕಡೆಯ ಜನ ಆಗಲೇ ಸೇರಿದ್ದರು, ಮೈದಾನದಲ್ಲಿ ಕೂಗಿದ್ದವರೇ. ಕತ್ತಲಾಗುವ ಮುಂಚೆ ಅವರಿಗೆ ಊರು ಸೇರಬೇಕು. ಮೇಸ್ತ್ರಿ ಚೆಂಡನ್ನು ಕೆಳಗಿಟ್ಟು, ಇದ್ದಿಲು ಸುರಿದು, ಬೆಂಕಿಕಡ್ಡಿ ಗೀರಿದರು. ಮುರಿಯಿತು. ಇನ್ನೊಂದು ಗೀರಿದರು, ಅದೂ ಮುರಿಯಿತು. ಮೂರನೆಯದು ಕೈಯಿಂದಲೇ ಜಾರಿ ಬಿತ್ತು. ಆಗ ಮೊದಲ ಬಾರಿಗೆ ನಾನು ಅವರ ಕೈಗಳನ್ನು ಸರಿಯಾಗಿ ನೋಡಿದೆ. ಚೀಲದ ಸೋರುವ ಜಾಗವನ್ನು ಥಟ್ಟನೆ ಮುಟ್ಟುತ್ತಿದ್ದ ಬೆರಳುಗಳು ಕಡ್ಡಿಪೆಟ್ಟಿಗೆಯನ್ನು ಹಿಡಿಯಲಾರದೆ ಹೋಗಿದ್ದವು. ಕಿವಿಯ ಹಿಂದಿನ ರಕ್ತ ಕಾಲರಿಗೆ ಇಳಿದಿತ್ತು. ನಾನು ಕಡ್ಡಿ ಗೀರಿಕೊಟ್ಟು, ಗಾಳಿಯ ಚಕ್ರದ ಹಿಡಿ ತಿರುಗಿಸಲು ನಿಂತೆ. ಅರ್ಧ ಗಂಟೆ. ಚಕ್ರದ ಕೀರಲು ಸದ್ದು ಮಾತ್ರ.

ಮರೀಗೌಡ ಬಂದ. ಜನ ಸರಿದು ದಾರಿ ಮಾಡಿಕೊಟ್ಟರು, ಈಗ ಏನೋ ಆಗುತ್ತದೆ ಎಂದು. ನನ್ನ ಕೈ ನಿಂತಿತು. ಅವನು ಮೇಸ್ತ್ರಿಯ ಪಕ್ಕಕ್ಕೆ ಬಂದು, ಒಲೆಯ ಬೆಂಕಿ ನೋಡುವವನ ಹಾಗೆ ಬಗ್ಗಿ, ಮೆಲ್ಲಗೆ ಹೇಳಿದ: "ಆಚೇಗೋಯ್ತು ಮೇಸ್ತ್ರಿ. ಒಡೆದಾಗ್ಲೇ ನನ್ ಕಾಲ್ಗೆ ಗೊತ್ತಾಯ್ತು."

"ಊಂ."

"ಜೋರಾಗಿ ಏಳಾಕೆ ನನ್ ಕೈಲಾಗಾಕಿಲ್ಲ ಮೇಸ್ತ್ರಿ. ನಂಗೂ ಊರ್ನಲ್ಲಿ ಬಾಳ್ಬೇಕು."

"ಗೊತ್ತು ಕಣಪ್ಪ. ಓಗು, ಸೀಟ್ ಇಡ್ಕೊ." ಆಮೇಲೆ ಕಿವಿಯನ್ನು ತಗಡಿನ ಹತ್ತಿರ ಒಡ್ಡಿ, ಕಣ್ಣು ಮುಚ್ಚಿ, "ಈಗ ಒಡಿ," ಎಂದರು. ಎಂಜಿನು ಹತ್ತಿಕೊಂಡಿತು. ಬಸ್ಸು ಹೊರಟಿತು. ಕಿಟಕಿಗಳಿಂದ ಒಬ್ಬರೂ ಹಿಂದಿರುಗಿ ನೋಡಲಿಲ್ಲ.

ಟೈರಿನ ಮೇಲೆ ಕೂತ ಅವರಿಗೆ ನಾನು ನೀರು ಕೊಟ್ಟೆ. ಕುಡಿಯಲಿಲ್ಲ, ಅದರಿಂದ ಕಿವಿ ತೊಳೆದುಕೊಂಡರು.

"ನಾನು ನೋಡಿದೆ ಮೇಸ್ತ್ರಿ," ಎಂದೆ.

"ನೀನ್ ನೋಡ್ದೆ ಅಂತ ನಂಗೆ ಆಗ್ಲೇ ಗೊತ್ತು."

"ಸೋಗೆ ಕಟ್ಟಿದ್ದು..."

"ಅದೂ ಗೊತ್ತು. ಸೋಗೆ! ಓದ್ದೋನ್ ತಲೆ." ಬೈಗುಳದ ಆ ದನಿ ಕೇಳಿ ನನಗೆ ಅಳು ಬಂತು. ಅವರು ಮುಂದುವರಿಸಿದರು: "ನನ್ ಸುತ್ತ ಇಪ್ಪತ್ತೆರಡು ಜನ ಆಟಗಾರ್ರು ಇದ್ರು. ನಿನ್ ಸುತ್ತ ಯಾರಿದ್ರು?"

ಅಷ್ಟೇ. ಅವರು ಅದನ್ನು ತ್ಯಾಗವೆಂದಾಗಲಿ ಧರ್ಮವೆಂದಾಗಲಿ ಹೇಳಲಿಲ್ಲ. ಲೆಕ್ಕ ಹಾಕಿದ್ದರು, ಅಷ್ಟು ಗದ್ದಲದ ನಡುವೆ, ಯಾರಿಗೆ ಕಲ್ಲು ಬಿದ್ದರೆ ಬದುಕುತ್ತಾರೆ ಎಂದು. ಹೋಗುವಾಗ ಮಾತ್ರ, "ಎದ್ರಿಕೆ ನಂಗೂ ಆಯ್ತು ಕಣ್ಲಾ. ಕಾಲ್ ಮಡಚ್ಕೊಂಡ್ ಕುಂತ್ಬುಡೋಣ ಅನ್ನುಸ್ತು," ಎಂದರು.

ಆಮೇಲೆ ಅವರನ್ನು ಯಾವ ಪಂದ್ಯಕ್ಕೂ ಕರೆಯಲಿಲ್ಲ. ಬಸ್ಸು ಕೆಟ್ಟರೆ ಕರೆಯುತ್ತಿದ್ದರು. ಈ ವರ್ಷ ಉತ್ತರದ ಸುದ್ದಿಗಳು ಬಿಸಿಯಾದ ಹಾಗೆಲ್ಲ, ಕಾಫಿ ಕ್ಲಬ್ಬಿನಲ್ಲಿ ಆ ಗೋಲಿನ ಕತೆಯೂ ಬೆಳೆಯಿತು. ಚೆಂಡು ಕಂಬದಿಂದ ಒಳಕ್ಕೆ ಒಂದು ಗೇಣು ಬಂದಿತ್ತು ಎಂದಿದ್ದವರು ಒಂದು ಮಾರು ಎನ್ನತೊಡಗಿದರು. ಅಲ್ಲಿಲ್ಲದವರೂ ನೋಡಿದ್ದರು. ತೂತನ್ನು ಅವರು ಹಿಂದಿನ ದಿನ ಕತ್ತರಿಯಿಂದ ಕತ್ತರಿಸಿದ್ದನ್ನು ಕಂಡವರೂ ಹುಟ್ಟಿಕೊಂಡರು. ನಾನು ಪಕ್ಕದ ಬೆಂಚಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಪ್ರಪಂಚದ ಎಲ್ಲ ವಿಷಯದ ಮೇಲೂ ವಾದ ಮಾಡುವ ನಾನು ಆ ಒಂದು ವಿಷಯ ಬಂದಾಗ ಲೋಟದ ತಳ ನೋಡುತ್ತಿದ್ದೆ. ಒಂದು ಸಾಯಂಕಾಲ ಅವರ ಶೆಡ್ಡಿನ ಬಾಗಿಲಿಗೆ ಯಾರೋ ಸೀಮೆಸುಣ್ಣದಲ್ಲಿ ಗೋಲಿನ ಕಂಬ ಬರೆದು, ಕೆಳಗೆ ಅವರ ಜಾತಿ ಹಿಡಿದು ಒಂದು ಮಾತು ಬರೆದಿದ್ದರು. ಅವರು ಮಾತನ್ನು ಒರೆಸಿದರು. ಕಂಬವನ್ನು ಹಾಗೇ ಬಿಟ್ಟರು. "ಚೆನ್ನಾಗಿ ಬರ್ದವ್ರೆ. ಅಡ್ಡಪಟ್ಟಿ ಮಾತ್ರ ಸೊಟ್ಟ," ಎಂದರು.

ಮಣ್ಣಿನ ದಿನ ಜನ ಬಂದಿದ್ದರು. ಡ್ರೈವರು ಅತ್ತ. ಮರೀಗೌಡ ಮಳವಳ್ಳಿಯಿಂದ ಸೈಕಲ್ಲಿನಲ್ಲಿ ಬಂದು ದೂರ ನಿಂತಿದ್ದ. ಹಿಂದಿರುಗುವಾಗ ನನ್ನ ಮುಂದೆ ನಡೆಯುತ್ತಿದ್ದ ಇಬ್ಬರು ಮಾತಾಡಿಕೊಳ್ಳುತ್ತಿದ್ದರು.

"ಒಳ್ಳೆ ಮನ್ಸ ಕಣಪ್ಪ. ಆ ಒಂದ್ ಗೋಲ್ ವಿಸ್ಯ ಬುಟ್ರೆ."

"ಊಂ. ಅದೊಂದು ಮಾಡ್ಬಾರ್ದಾಗಿತ್ತು."

ಎರಡು ಹೆಜ್ಜೆ ಬೇಗ ಹಾಕಿದ್ದರೆ ಅವರನ್ನು ಸೇರಿಕೊಂಡು ಹೇಳಬಹುದಿತ್ತು. ನಾನು ಹೆಜ್ಜೆ ನಿಧಾನ ಮಾಡಿದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಬಾಯಲ್ಲಿ ಹೇಳಲಾರದ್ದಕ್ಕೆ. ಬರೆಯುವಾಗಲೂ ಬಾಗಿಲು ಹಾಕಿಕೊಂಡಿದ್ದೇನೆ. ಚೆಂಡು ಕಂಬದ ಆಚೆಯಿಂದ ಹೋಯಿತು. ಎಷ್ಟು ಆಚೆಯೆಂದರೆ ನನ್ನ ಮಂಡಿಗೂ ಕಂಬಕ್ಕೂ ನಡುವೆ. ಬಲೆಯನ್ನು ಸೋಗೆಯಲ್ಲಿ ಕಟ್ಟಿದವನು ನಾನು. ಕೇಳಿದಾಗ ಧೂಳು ಎಂದು ಸುಳ್ಳು ಹೇಳಿದವನೂ ನಾನು. ಮೇಸ್ತ್ರಿಯ ಹೆಸರನ್ನು ಬಿಟ್ಟಿದ್ದೇನೆ. ನನ್ನ ಹೆಸರನ್ನು ಬಿಡಬಾರದೆಂದು ಈ ಪತ್ರಿಕೆಯವರಿಗೆ ತಿಳಿಸಿದ್ದೇನೆ. ಇದು ಅಚ್ಚಾಗಿ ಬರುವ ದಿನ ನಾನು ಮೈಸೂರಿನಲ್ಲಿ ಇರುವುದಿಲ್ಲ. ಮಂಡ್ಯದಲ್ಲೇ, ಬಸ್ ಸ್ಟ್ಯಾಂಡಿನ ಕಾಫಿ ಕ್ಲಬ್ಬಿನಲ್ಲಿ, ಬಾಗಿಲಿನ ಪಕ್ಕದ ಬೆಂಚಿನ ಮೇಲೆ ಕೂತಿರುತ್ತೇನೆ.